ಕಡೆಯ ಪ್ಯಾರಾ ಮೊದಲು ಓದುವ ತಸ್ಲೀಮ್

ಯರಗಟ್ಟಿಯ ಅಂಗಡಿಗಳು ಇನ್ನೂ ಬಾಗಿಲು ತೆರೆದಿಲ್ಲ. ಬಸ್ ನಿಲ್ದಾಣದ ಮಗ್ಗುಲಲ್ಲಿ ಒಂದು ಟಂಟಂ ರಿಕ್ಷಾ ಗುಡುಗುಡು ಎನ್ನುತ್ತ ನಿಂತಿದೆ. ಬುತ್ತಿಗಂಟು, ಕುರ್ಪಿ ಹಿಡಿದ ಹೆಂಗಸರು ಒಬ್ಬರ ತೊಡೆಯ ಮೇಲೊಬ್ಬರು ಎನ್ನುವಂತೆ ತುಂಬಿಕೊಳ್ಳುತ್ತಾರೆ. ನಡುವೆ ಕೂತ ತಸ್ಲೀಮ್ ಸೆರಗು ಸರಿಮಾಡಿಕೊಂಡು ಮೊಬೈಲ್ ತೆಗೆಯುತ್ತಾರೆ.

"ಇವತ್ತ ಮೂರು ಅದಾವು. ಒಂದು ಬಸ್ ಪಾಸಿಂದು, ಒಂದು ಹತ್ತಿ ಹುಳದ್ದು, ಒಂದು ಸುಮ್ನ ನಗಾಕ. ನಗೂದು ಮೊದ್ಲ!" ಎಂದು ತೀರ್ಪು ಕೊಟ್ಟು ಓದು ಶುರು ಮಾಡುತ್ತಾರೆ. ಗಾಡಿ ಓಡಿಸುವವರು ಗಂಡ ಅಯಾಜ್. ಓದು ರುಚಿಗಟ್ಟಿದರೆ ಗಾಡಿ ನಿಧಾನವಾಗುತ್ತದೆ. ಕೇಳಿದರೆ ರಸ್ತೆ ಸರಿಯಿಲ್ಲ ಅನ್ನುತ್ತಾರೆ.

ಇವರೆಲ್ಲ ಕಟಕೋಳದ ಕಡೆಯ ಹೊಲಗಳಿಗೆ ಕಸ, ಅಂದರೆ ಕಳೆ, ತೆಗೆಯಲು ಹೋಗುವವರು. ಫೋನ್ ಎಲ್ಲರ ಮನೆಯಲ್ಲೂ ಇದೆ, ಓದುವ ಪುರಸೊತ್ತು ಯಾರಿಗೂ ಇಲ್ಲ. ಶಾಲೆಯ ಗ್ರೂಪು, ಬೀಗರ ಗ್ರೂಪು, ಸಂಘದ ಗ್ರೂಪು ಎಂದು ಬಂದದ್ದೆಲ್ಲ ಆಮೇಲೆ ನೋಡೋಣವೆಂದು ಬಿದ್ದಿರುತ್ತದೆ. ಅದನ್ನೆಲ್ಲ ಈಗ ಪಿಯುಸಿ ಓದಿದ ತಸ್ಲೀಮ್‌ಗೆ ಕಳಿಸುತ್ತಾರೆ. ಅವರಿಗೇನು ಬಿಡುವು ಕೊಳೆತು ಬಿದ್ದಿದೆಯೇ? ಮಧ್ಯಾಹ್ನ ಬುತ್ತಿ ಉಂಡ ಮೇಲೆ ಉಳಿದವರು ತಸ್ಲೀಮ್ ಪಾಲಿನ ಬೆಳೆಸಾಲನ್ನು ಹಂಚಿಕೊಂಡು ಕಸ ತೆಗೆಯುತ್ತಾರೆ. ತಸ್ಲೀಮ್ ಬೇವಿನ ನೆರಳಲ್ಲಿ ಕೂತು ಮರುದಿನದ ಓದನ್ನು ಆರಿಸುತ್ತಾರೆ.

"ಮುಯ್ಯಾಳಿಗೆ ಹೋಗತಾರಲ್ರಿ, ಹಂಗs ಇದು. ಅವರು ನನ್ನ ಸಾಲಿನ ಕಸ ತಗೀತಾರ, ನಾ ಅವರ ಫೋನಿನ ಕಸ ತಗೀತೇನಿ" ಎಂದು ನಗುತ್ತಾರೆ ತಸ್ಲೀಮ್. ಹತ್ತು ಬಂದರೆ ಏಳನ್ನು ಅಲ್ಲೇ ಅಳಿಸುವ ಧೈರ್ಯ ಅವರದು.

ಎಲ್ಲವೂ ಹೂವೆತ್ತಿದಂತೆ ನಡೆದಿಲ್ಲ. ಹೋದ ಮಳೆಗಾಲದಲ್ಲಿ ಮಕ್ಕಳ ಭೇದಿಯ ಬಗ್ಗೆ ಒಂದು ಲೇಖನ ಓದುತ್ತಿದ್ದರು. ಭೇದಿಯಾದಾಗ ಮಗುವಿಗೆ ನೀರು ಕೊಡಬಾರದೆಂಬ ಹಳೆಯ ನಂಬಿಕೆಯನ್ನು ಬರೆದವರು ಮೊದಲು ಉದ್ದಕ್ಕೆ ವಿವರಿಸಿದ್ದರು. ಅಷ್ಟರಲ್ಲಿ ಹೊಲ ಬಂತು, ಎಲ್ಲರೂ ಇಳಿದರು. ಅದು ಪ್ರಾಣಕ್ಕೇ ಕುತ್ತು, ನೀರು, ಓಆರ್‌ಎಸ್ ಕೊಡುತ್ತಲೇ ಇರಬೇಕು ಎಂಬ ಮಾತು ಕೆಳಗಿನ ಅರ್ಧದಲ್ಲಿತ್ತು. ಮರುದಿನ ಹೊಸ ಸುದ್ದಿಗಳು ಬಂದು ಹಳೆಯದು ಹಾಗೇ ಉಳಿಯಿತು.

ಅದೇ ವಾರ ಗುಂಪಿನ ಹಿರಿಯಳು ಕೆಂಪವ್ವನ ಮೊಮ್ಮಗಳಿಗೆ ಭೇದಿ ಹತ್ತಿತು. "ಫೋನಿನಾಗs ಬಂದೈತಿ, ತಸ್ಲೀಮ ಓದ್ಯಾಳ" ಎಂದು ಕೆಂಪವ್ವ ಸೊಸೆಯ ಕೈಯಿಂದ ನೀರಿನ ಲೋಟ ಕಸಿದಿಟ್ಟರು. ಕೂಸು ಬಾಡಿ ಹೋಯಿತು. ಅಯಾಜ್ ಇದೇ ಟಂಟಂನಲ್ಲಿ ಸವದತ್ತಿಯ ಆಸ್ಪತ್ರೆಗೆ ಒಯ್ದರು, ಸಲಾಯಿನ್ ಏರಿಸಿದ ಮೇಲೆ ಕಣ್ಣು ಬಿಟ್ಟಿತು.

ತಸ್ಲೀಮ್ ಓದುವುದನ್ನೇ ಬಿಟ್ಟರು. "ನನ್ನ ನಂಬಿ ಕೂಸಿನ ಜೀವಕ್ಕ ಬಂತಲ್ರಿ. ಬಾಯಿ ಕಟ್ಟಿದಂಗಾತು" ಎನ್ನುವಾಗ ಅವರ ದನಿ ಈಗಲೂ ಕುಗ್ಗುತ್ತದೆ. ಕೆಂಪವ್ವ ಬೇರೆ ಗುಂಪಿಗೆ ಹೋದರು. ಕಡೆಗೊಂದು ಬೆಳಿಗ್ಗೆ ತಾವಾಗಿಯೇ ಬಂದು ಟಂಟಂ ಹತ್ತಿ, ತಸ್ಲೀಮ್ ಮಗ್ಗುಲಲ್ಲಿ ಕೂತು, "ಓದು" ಎಂದಷ್ಟೇ ಅಂದರು. ಆವತ್ತಿನಿಂದ ತಸ್ಲೀಮ್ ಯಾವುದೇ ಲೇಖನದ ಕಡೆಯ ಪ್ಯಾರಾವನ್ನು ಮೊದಲು ಓದುತ್ತಾರೆ, ಆಮೇಲೆ ಮೇಲಿನಿಂದ ಪೂರ್ತಿ.

"ಹೆದರಿಕಿ ಹೋಗಿಲ್ರಿ. ಹೆದರಿಕಿ ಇರೂದಕ್ಕs ಚಲೋ ಓದತೇನಿ" ಎಂದು ಈಗ ಎದೆ ಸೆಟೆಸಿ ಹೇಳುತ್ತಾರೆ.

ಇವತ್ತು ಹತ್ತಿ ಹುಳದ ಲೇಖನ ಅರ್ಧಕ್ಕೆ ಬರುವಾಗಲೇ ಟಂಟಂ ಹೊಲ ಮುಟ್ಟುತ್ತದೆ. ಬದುವಿನ ಮೇಲೆ ನಿಂತ ಹೊಲದ ಮಾಲೀಕ ವೀರಪ್ಪ ಕೂಗುತ್ತಾರೆ: "ಇಳೀರೇ ಯವ್ವಾ, ಬಿಸಲ ಏರಾಕ ಹತ್ತೈತಿ!"

ಗಾಡಿಯಲ್ಲಿ ಒಬ್ಬರೂ ಅಲುಗುವುದಿಲ್ಲ. ಕೆಂಪವ್ವ ತಲೆ ಹೊರಗೆ ಹಾಕುತ್ತಾರೆ.

"ತಡೀರಿ ಯಪ್ಪಾ, ಇನ್ನೂ ಮುಗದಿಲ್ಲ. ಅರ್ಧಕ್ಕ ಇಳದ್ರ ಏನಾಗತೈತಿ ಅನ್ನೂದು ನನಗ ಗೊತ್ತೈತಿ." ಆಮೇಲೆ ತಸ್ಲೀಮ್ ಕಡೆ ತಿರುಗಿ, "ನೀ ಓದವ್ವಾ" ಎನ್ನುತ್ತಾರೆ.