ನಾದಿನಿ ಓದಿ ಹೇಳಿದ ಕಾದಂಬರಿ

ಶಿಡ್ಲಘಟ್ಟದ ಆಂಜಿನಮ್ಮ ಕುದಿನೀರಿಗೆ ಕೈ ಹಾಕಿ ರೇಷ್ಮೆಗೂಡಿನ ಎಳೆ ಹಿಡಿಯುವವಳು. ಅಕ್ಷರ ಬಲ್ಲಳು, ಬಸ್ಸಿನ ಬೋರ್ಡು ಓದುವಷ್ಟು. ಅಷ್ಟನ್ನೂ ತಾನೇ ಕಲಿತದ್ದು. ಆದರೆ ಕಾದಂಬರಿಯ ಒಂದು ಸಾಲು ಕೂಡಿಸುವಷ್ಟರಲ್ಲಿ ಮುದ್ದೆ ಆರಿಹೋಗುತ್ತಿತ್ತು. ಹಾಗಾಗಿ ಮಧ್ಯಾಹ್ನದ ಊಟದ ಹೊತ್ತಿಗೆ ಜೊತೆ ಕೆಲಸದ ತನುಜ ಓದುವಳು, ಉಳಿದ ಹೆಂಗಸರು ಕೇಳುವರು. ತನುಜ ಅಂದರೆ ಆಂಜಿನಮ್ಮನ ಗಂಡ ಸುನೀಲನ ತಂಗಿ. ಹೊಡೆತ ತಾಳಲಾರದೆ ಆಂಜಿನಮ್ಮ ಕಳವಾರದ ಗಂಡನ ಮನೆ ಬಿಟ್ಟು ತವರಿಗೆ ಬಂದಿದ್ದಳು. ನಾದಿನಿಯ ಸ್ನೇಹ ಮಾತ್ರ ಬಿಟ್ಟಿರಲಿಲ್ಲ.

ಆ ಸಲದ ಕಾದಂಬರಿಯಲ್ಲಿ ಮಂದಾರ ಎಂಬ ಹೆಣ್ಣು. ಅವಳ ಕಾರಿನ ಬ್ರೇಕು ಕತ್ತರಿಸಿದವನು ಅವಳು ಮನಸ್ಸು ಕೊಟ್ಟವನೇ ಇರಬಹುದೇ ಎಂಬ ಗುಮಾನಿ. ಪತ್ತೆ ಮಾಡಲು ಒಬ್ಬಳೇ ಹೊರಟಿದ್ದಳು.

"ಹೆದರ್ತಾಳೆ ಕಣೇ, ಆದ್ರೂ ಬಾಗಿಲು ತಳ್ತಾಳೆ. ನಾನಾಗಿದ್ರೆ ಅಟ್ಟ ಹತ್ತಿ ಕೂತ್ಕೊಂತಿದ್ದೆ," ಎಂದು ಆಂಜಿನಮ್ಮ ಮುದ್ದೆ ಮುರಿಯುವುದನ್ನೇ ಮರೆಯುವಳು. "ಕೊನೇಗೆ ಮಂದಾರ ಏನ್ ಮಾಡ್ತಾಳೋ ನಾನೂ ಅದೇ ಮಾಡೋದು."

ಆ ಮಾತನ್ನು ತನುಜ ಸೆರಗಿಗೆ ಗಂಟು ಹಾಕಿಕೊಂಡಳು. ಕೊನೆಯ ದಿನ ಅವಳು ಓದಿದ್ದು ಹೀಗೆ: ತಪ್ಪೊಪ್ಪಿ ಅತ್ತವನನ್ನು ಮಂದಾರ ಕ್ಷಮಿಸಿದಳು, ಅವನ ಮನೆ ಸೇರಿದಳು. ಹೆಂಗಸರು ಕಣ್ಣೊರೆಸಿಕೊಂಡರು. ಆ ವಾರವೇ ಆಂಜಿನಮ್ಮ ಗಂಡನ ಮನೆಗೆ ಹೊರಡಲು ಬಟ್ಟೆ ಗಂಟು ಕಟ್ಟಿ, ನೆನಪಿಗೆಂದು ಆ ಪುಸ್ತಕ ಕೇಳಿದಳು.

"ಓದಕ್ಕಾಗುತ್ತಾ ಅತ್ತಿಗೆ ನಿಂಗೆ? ತಗೊಂಡೋಗು, ತಲೆದಿಂಬಿಗಾಗುತ್ತೆ," ಎಂದು ತನುಜ ನಕ್ಕಳು.

ಕಳವಾರದಲ್ಲಿ ಸುನೀಲನ ಕೈ ಕೆಲವು ದಿನ ಸುಮ್ಮನಿತ್ತು. ನಾಯಿಬಾಲ ದಬ್ಬೆ ಕಟ್ಟಿರುವವರೆಗೆ ನೆಟ್ಟಗೆ, ಬಿಚ್ಚಿದರೆ ಮತ್ತದೇ ಡೊಂಕು. ಪೆಟ್ಟು ತಿಂದ ಮಾರನೆಯ ದಿನ, ಮಂದಾರ ಕ್ಷಮಿಸಿದ್ದನ್ನು ಓದಿಕೊಂಡಾದರೂ ಧೈರ್ಯ ತಂದುಕೊಳ್ಳೋಣವೆಂದು ಆಂಜಿನಮ್ಮ ಪುಸ್ತಕದ ಕೊನೆಯ ಹಾಳೆಗಳನ್ನು ತೆರೆದಳು. ಅಕ್ಷರಕ್ಕೆ ಅಕ್ಷರ ಕೂಡಿಸಿ ಹುಡುಕಿದಳು. ಕ್ಷಮೆ ಎಲ್ಲೂ ಇರಲಿಲ್ಲ. ಮಂದಾರ ಅವನನ್ನು ಪೊಲೀಸರಿಗೆ ಹಿಡಿದುಕೊಟ್ಟು, ಮನೆಯ ಬೀಗ ಬದಲಿಸಿ, ನೆಮ್ಮದಿಯಾಗಿ ಮಲಗಿದ್ದಳು.

ಆಂಜಿನಮ್ಮ ಶಿಡ್ಲಘಟ್ಟದ ಬಸ್ಸು ಹತ್ತಿದಳು. ಊಟದ ಹೊತ್ತಿಗೆ ಹೊಸ ಪುಸ್ತಕ ಬಿಡಿಸಿ ಕೂತಿದ್ದ ತನುಜ ಅವಳ ಮುಖವನ್ನೂ ಕೈಯಲ್ಲಿದ್ದ ಹಳೆಯ ಪುಸ್ತಕವನ್ನೂ ನೋಡಿ ತಡವರಿಸಿದಳು.

"ನಮ್ಮಣ್ಣ ಒಬ್ನೇ ಇದ್ದ ಅತ್ತಿಗೆ. ಒಂದು ಮನೆ ಉಳೀಲಿ ಅಂತ..."

"ಅವ್ನು ಹೊಡೆಯೋನು ಅಂತ ಗೊತ್ತಿದ್ದೇ ಹೋದೆ ಕಣಮ್ಮ. ನೀನು ಹೊಡೀತೀಯ ಅಂತ ಗೊತ್ತಿರ್ಲಿಲ್ಲ."

ಆಂಜಿನಮ್ಮ ಅವಳ ಕೈಯಿಂದ ಹೊಸ ಪುಸ್ತಕ ಕಿತ್ತುಕೊಂಡು ದೂರ ಹೋಗಿ ಕೂತಳು. ಮೊದಲ ಸಾಲಿನ ಮೇಲೆ ಬೆರಳಿಟ್ಟಳು.

"ನಮಗೂ ಕೇಳಂಗೆ ಓದಕ್ಕಾ," ಎಂದರು ಹೆಂಗಸರು.

ಅವಳ ಬೆರಳು ಮುಂದಿನ ಅಕ್ಷರಕ್ಕೆ ಸರಿಯಿತು. ದನಿಯಿಲ್ಲದೆ ತುಟಿ ಅಲುಗುತ್ತಿತ್ತು. ಪಕ್ಕದಲ್ಲಿ ಮುದ್ದೆ ಆರುತ್ತಿತ್ತು.