ಕುರುಗೋಡಿನಿಂದ ಬಂದ ಎದುರಾಳಿ

ಎಪ್ಪತ್ತರ ದಶಕದಲ್ಲಿ ನಾನು ಸಿರುಗುಪ್ಪದ ಶಾಲೆಯೊಂದರಲ್ಲಿ ಟೀಚರಾಗಿದ್ದೆ. ಚೆಸ್ ಕಲಿಸಿದ್ದು ಬಳ್ಳಾರಿಯಲ್ಲಿದ್ದ ನನ್ನಪ್ಪ. ಮದುವೆಯಾಗಿ ಬಂದ ಊರಿನಲ್ಲಿ ಆಡುವವರು ಸಿಗದೆ ಅಂಚೆ ಚೆಸ್ ಪಂದ್ಯಾವಳಿಗೆ ಸೇರಿದೆ. ಒಂದು ಕಾರ್ಡಿಗೆ ಒಂದು ನಡೆ. ಎದುರಾಳಿಯ ಉತ್ತರ ಬರಲು ವಾರವಾದರೂ ಬೇಕು. ಅಲ್ಲಿಯವರೆಗೆ ಗೂಡಿನಲ್ಲಿಟ್ಟ ಮಣೆಯನ್ನು ಯಾರೂ ಮುಟ್ಟಬಾರದೆಂದು ಅತ್ತೆಯೇ ಕಟ್ಟಪ್ಪಣೆ ಮಾಡಿದ್ದರು. ನಡೆಗಳನ್ನು ಓದುವುದನ್ನು ನನ್ನಿಂದಲೇ ಕಲಿತಿದ್ದ ಪೋಸ್ಟ್‌ಮನ್, "ಟೀಚರ್ರೇ, ನಿಮ್ಮ ಕುದುರಿ ಹೋತ್ರಿ!" ಎಂದು ಬೀದಿಯ ತುದಿಯಿಂದಲೇ ಕೂಗುತ್ತಿದ್ದ.

ಒಂದು ವರ್ಷ ಕುರುಗೋಡಿನವರೊಬ್ಬರು ನನಗೆ ಎದುರಾಳಿಯಾದರು. ನಡೆಯ ಕೆಳಗೆ ಒಂದೇ ಸಾಲು ಬರೆಯುವರು: ಹತ್ತಿ ಬಿಡಿಸುವುದು ಶುರುವಾಯಿತು, ಮಗಳ ಜ್ವರ ಇಳಿಯಿತು.

ಆ ಮಳೆಗಾಲ ಹಳ್ಳ ತುಂಬಿ ಬಸ್ಸುಗಳು ನಿಂತವು. ನಾನು ಹಾಕಿದ ಕಾರ್ಡು ಎಲ್ಲೋ ಕಳೆದುಹೋಯಿತು. ನನಗದು ಗೊತ್ತಾಗಲಿಲ್ಲ. ನನ್ನ ನಡೆ ಬರಲಿಲ್ಲವೆಂದು ಕುರುಗೋಡಿನವರು ಪಂದ್ಯಾವಳಿಯವರಿಗೆ ದೂರು ಬರೆದಿದ್ದರೆ ಆಟ ಅವರದೇ ಆಗುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಐವತ್ತು ದಾಟಿದವರೊಬ್ಬರು ಬಾಗಿಲಲ್ಲಿ ನಿಂತಿದ್ದರು. ಪಂಚೆ ಮೊಣಕಾಲವರೆಗೂ ಕೆಸರು.

"ಚೆಸ್ ಆಡೋ ಮಾಸ್ತರ್ರು ಅದಾರೇನ್ರಿ? ಕುರುಗೋಡಿನಿಂದ ಬಂದೀನಿ."

"ನಾನೇ ರೀ ಅದು."

ಕಾರ್ಡಿನಲ್ಲಿ ನಾನು ಇನಿಷಿಯಲ್ ಮಾತ್ರ ಹಾಕುತ್ತಿದ್ದೆ. ಅವರು ತಬ್ಬಿಬ್ಬಾಗಿ ಚಪ್ಪಲಿ ನೋಡತೊಡಗಿದರು. "ಕಾರ್ಡ್ ಬರ್ಲಿಲ್ಲ. ಮಾಸ್ತರ್ರಿಗೆ ಮೈಯಾಗ ಆರಾಮಿಲ್ಲೇನೋ, ನೋಡಿ ಹೋಗೂಣ ಅಂತ..."

ಒಳಗಿನಿಂದ ಬಂದ ಅತ್ತೆ, "ಒಂದು ಆಟದ ಸಲುವಾಗಿ ಹಳ್ಳ ದಾಟಿ ಬಂದ್ರ್ಯಾ? ಕಾಲು ತೊಳಕೊಂಡು ಬರ್ರಿ, ಮೊದ್ಲು ಉಣ್ರಿ," ಎಂದರು.

ರೊಟ್ಟಿ, ಪುಂಡಿಪಲ್ಯ ಆದ ಮೇಲೆ ಮಣೆ ತಂದಿಟ್ಟು, ಅವರಿಗೆ ತಲುಪದ ನಡೆಯನ್ನು ತೋರಿಸಿದೆ. ಬಹಳ ಹೊತ್ತು ನೋಡಿದರು. ಬೆರಳು ಆನೆಯವರೆಗೂ ಹೋಗಿ ಹಿಂದೆ ಬಂತು.

"ಈಗ್ಲೇ ಆಡಿಬಿಡ್ರಿ," ಎಂದೆ.

"ಏ, ಇಲ್ಲ ರೀ! ಎದುರಿಗೆ ಕುಂತು ಆಡಿದ್ರ ಅಂಚಿ ಆಟ ಹೆಂಗಾಕ್ಕೈತಿ? ಊರಿಗೆ ಹೋಗಿ ಕಾರ್ಡ್ ಹಾಕ್ತೀನಿ."

ಹಾಗೆಯೇ ಮಾಡಿದರು. ಮುಂದೆ ಆ ಆಟವನ್ನು ಗೆದ್ದರು ಕೂಡ. ದೀಪಾವಳಿಗೆ ಹೆಂಡತಿ, ಮಗಳೊಡನೆ ನಮ್ಮ ಮನೆಗೆ ಬಂದರು. ಅವರ ಹೆಂಡತಿಗೂ ನನ್ನ ಅತ್ತೆಗೂ ಎಷ್ಟು ಸಲಿಗೆ ಬೆಳೆಯಿತೆಂದರೆ, ಮರುವರ್ಷ ಎರಡೂ ಮನೆಯವರು ಒಟ್ಟಾಗಿ ಸೀರೆ ಕೊಳ್ಳಲು ಬಳ್ಳಾರಿಗೆ ಹೋದೆವು. ಉಳಿದ ಹೆಂಗಸರು ಸೀರೆ ಆರಿಸುತ್ತಿದ್ದಾಗ ನನ್ನ ಎದುರಾಳಿ ಕೌಲ್ ಬಜಾರಿನಲ್ಲಿ ಒಂದು ಪುಟ್ಟ ಚೆಸ್ ಸೆಟ್ಟು ಕೊಂಡು ತಂದರು. ಅಂಗಡಿಯ ಕಟ್ಟೆಯ ಮೇಲೆ, ಆಟೋಗಳ ಗದ್ದಲದ ನಡುವೆ, ನಾವಿಬ್ಬರೂ ಮೊದಲ ಬಾರಿಗೆ ಎದುರುಬದುರು ಆಡಿದೆವು.

ಅವರು ಎಷ್ಟು ಬೇಗ ಸೋತರೆಂದರೆ, ಸೀರೆ ಇನ್ನೂ ಆರಿಸಿ ಆಗಿರಲಿಲ್ಲ.

"ಒಂದು ನಡಿ ಆಡಾಕ ನನಗ ಒಂದು ವಾರ ಬೇಕ್ರೀ," ಎಂದು ನಗುತ್ತ ಕಾಯಿಗಳನ್ನು ಮತ್ತೆ ಜೋಡಿಸತೊಡಗಿದರು.