ಕಾಕಾ ತಿಂದ ರೊಟ್ಟಿ

ನಾವು ಸಣ್ಣವರಿದ್ದಾಗ, ರಾಮದುರ್ಗದ ಕಡೆಯ ನಮ್ಮ ಕ್ರೈಸ್ತರ ಓಣಿಯಲ್ಲಿ ಶುಭ ಶುಕ್ರವಾರ ಬೆಳಗಾಗುತ್ತಿದ್ದುದೇ ಬಿಳಿಜೋಳದ ರೊಟ್ಟಿ ಬಡಿಯುವ ಸಪ್ಪಳಕ್ಕೆ. ಯೇಸುವಿನ ನೆನಪಿಗೆ ಚರ್ಚಿನಲ್ಲಿ ತುಣುಕು ಹಂಚುವ ಪ್ರಭುಭೋಜನಕ್ಕೆ ಆ ರೊಟ್ಟಿಯೇ. ಹೆಂಚಿನ ವಾಸನೆಗೆ ಉಪವಾಸದ ಹೊಟ್ಟೆ ಚುರ್ ಅನ್ನುತ್ತಿತ್ತು. ಜಗಳಾಡಿದವರು ಅಂದು ಚರ್ಚಿನ ಅಯ್ಯನವರ ಕೈಯಿಂದ ತುಣುಕು ಪಡೆಯುವಂತಿರಲಿಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರು ತಿನ್ನಬೇಕು. ಅತ್ತೆ ಸೊಸೆಯರು ಮೂತಿ ತಿರುವುತ್ತಲೇ ತಿನ್ನಿಸುವುದನ್ನು ಕಂಡು ನಾವು ಹುಡುಗಿಯರು ಮುಸಿಮುಸಿ ನಗುತ್ತಿದ್ದೆವು.

ಒಂದು ವರ್ಷ ಮಾತ್ರ ಯಾರೂ ನಗಲಿಲ್ಲ.

ಅದರ ಹಿಂದಿನ ವರ್ಷದ ಸುಗ್ಗಿಯಲ್ಲಿ ಹೊಲದ ಒಡ್ಡಿನ ಬೇವಿನ ಮರಕ್ಕಾಗಿ ಅಪ್ಪನಿಗೂ ಅವನ ತಮ್ಮ, ನಮ್ಮ ಕಾಕಾನಿಗೂ ಜಗಳ ಬಿದ್ದಿತ್ತು. ಕಾಕಾ ಕೊಡಲಿ ಎತ್ತಿದ. ಅಪ್ಪ ಮರದ ಬೊಡ್ಡೆಯ ಮೇಲೆ ಬಲಗೈ ಇಟ್ಟು, "ಕಡೀತಿ? ಕಡಿಯೋ ಗಂಡಸಿದ್ರ!" ಎಂದ. ಕಾಕಾ ಕಡಿದೇಬಿಟ್ಟ. ಚಕ್ಕೆಗಳ ನಡುವೆ ಮೂರು ಬೆರಳು ಬಿದ್ದವು. ಬುತ್ತಿ ಒಯ್ದಿದ್ದ ನಾನು ಅವನ್ನು ಕಣ್ಣಾರೆ ಕಂಡೆ. ಕಾಕಾ ಜೈಲಿಗೆ ಹೋದ. "ಅಂವ ಚರ್ಚಿನೊಳಗ ಕಾಲಿಟ್ರ ಹೆಣಾನ ಹೊರಗ ಹೋಗತೈತಿ," ಎಂದು ಅಪ್ಪ ಓಣಿಗೆಲ್ಲ ಕೇಳುವಂತೆ ಆಣೆ ಮಾಡಿದ.

ಜೈಲಿನಿಂದ ಹೊರಬಂದ ಕಾಕಾ ಆ ಶುಕ್ರವಾರ ಬಂದೇ ಬಂದ. ಚಪ್ಪಲಿ ಕಳಚಿ ಚರ್ಚಿನ ಬಾಗಿಲಲ್ಲಿ ನಿಂತ. ಅಪ್ಪ ಅವನನ್ನು ಅಂಗಳಕ್ಕೆ ಎಳೆದೊಯ್ದು, ಎಡಗೈಯಲ್ಲಿ ಬಡಿಗೆ ಹಿಡಿದು ಹೊಡೆಯತೊಡಗಿದ. ಹುಬ್ಬು ಒಡೆಯಿತು, ತುಟಿ ಹರಿಯಿತು, ಬಿಳಿ ಅಂಗಿ ಕೆಂಪಾಯಿತು. ಕಾಕಾ ಕೈ ಅಡ್ಡ ತರಲಿಲ್ಲ.

ಅಯ್ಯನವರು ಓಡಿಬಂದರು. "ನಿಲ್ಲಸೋ! ದೇವರ ಮನಿ ಐತಿ ಇದು!"

ಇಬ್ಬರನ್ನೂ ಹೆತ್ತ ನನ್ನ ಅಜ್ಜಿ ರೊಟ್ಟಿಯ ತಾಟು ಹಿಡಿದೇ ಹೊರಗೆ ಬಂದಳು. "ಇವತ್ತ ದೇವರಿಗೂ ಹಿಂಗ ಬಡದಾರ್ರೀ ಅಯ್ನೋರ. ಆತ ಬಿಟ್ಟು ಹ್ವಾದನೇನು ನಮ್ಮನ್ನ?" ಅಪ್ಪನ ಕಡೆ ತಿರುಗಿದಳು. "ಹೊಡಿಯೋ, ನಿನ್ನ ಸಿಟ್ಟಿನ ಹೊಟ್ಟಿ ತುಂಬೂತನಾ ಹೊಡಿ. ಸಾಯಿಸ್ತಿದ್ರ ಸಾಯಿಸು. ಮೊದಲ ಒಂದ ತುಣುಕ ಹಾಕು. ಉಪಾಸ ಬಂದಾನ ನಿನ್ನ ತಮ್ಮ."

"ಎಲ್ಲೈತಿ ಬೇ ಕೈ, ಹಾಕಾಕ? ಅವನ್ನ ಕೇಳು!" ಎಂದು ಅಪ್ಪ ಚೀರಿದ.

"ಉಳದದ್ದರಾಗ ಹಾಕು."

ಬಡಿಗೆ ಕೆಳಗೆ ಬಿತ್ತು. ಅಪ್ಪ ಬಲಗೈಯಿಂದ ತುಣುಕು ಎತ್ತಲು ಹೋದ, ಜಾರಿತು. ಮತ್ತೆ ಎತ್ತಿದ, ಮತ್ತೆ ಜಾರಿತು. ಕಾಕಾ ಮೊಣಕಾಲೂರಿ, ಆ ಮೋಟುಕೈಯ ಕೆಳಗೆ ತನ್ನೆರಡೂ ಅಂಗೈ ಆನಿಸಿ, ಬಾಯಿ ತಂದು ತಿಂದ. ರೊಟ್ಟಿಗೆ ರಕ್ತ ಹತ್ತಿತ್ತು. ಬೆರಳು ಹೋದ ದಿನವೂ ಅಳದ ಅಪ್ಪ ಗೊಳೋ ಎಂದು ಅತ್ತ.

ಈಗ ಅದೇ ಹೊಲಕ್ಕಾಗಿ ನನ್ನ ಅಣ್ಣನೂ ಕಾಕಾನ ಮಗನೂ ಕೋರ್ಟಿನಲ್ಲಿದ್ದಾರೆ. ಕೈ ಮಾಡಿಲ್ಲ, ಬೈದೂ ಇಲ್ಲ. ಶುಭ ಶುಕ್ರವಾರ ಅಯ್ಯನವರು ತಟ್ಟೆ ಹಿಡಿದು ಬರುತ್ತಾರೆ. ಅವರವರ ತುಣುಕು ಅವರವರೇ ಎತ್ತಿಕೊಳ್ಳುತ್ತಾರೆ. ಪ್ರಾರ್ಥನೆ ಮುಗಿದ ಕೂಡಲೇ ಇಬ್ಬರೂ ಬೇರೆ ಬೇರೆ ಬಾಗಿಲಿನಿಂದ ಹೊರಟುಹೋಗುತ್ತಾರೆ. ಅವರನ್ನು ತಡೆದು ನಿಲ್ಲಿಸುವಂಥ ಮುದುಕಿ ಓಣಿಯಲ್ಲಿ ಉಳಿದಿಲ್ಲ. ನನಗೆ ಆ ವಯಸ್ಸು ಬಂದಿದೆ, ಆ ಧೈರ್ಯ ಇನ್ನೂ ಬಂದಿಲ್ಲ.